ಬೋರ್‌ವೆಲ್‌ಗೆ ಸೋಲಾರ್ ಪಂಪ್: 5 ಹೆಚ್‌ಪಿ ಬೇಕಾ, 2 ಸಾಕಾ?

ಒಣಭೂಮಿ:
ಒಂದು ಎಕರೆ ಟೊಮೆಟೊಗೆ ಸೋಲಾರ್ ಪಂಪ್ ಕೂರಿಸಿ ಡ್ರಿಪ್ ಮಾಡಬೇಕು ಅಂತಿದ್ದೇನೆ. ಮಳೆ ತುಂಬಾ ಕಡಿಮೆ, ಬಿಸಿಲಿಗೇನೂ ಕೊರತೆಯಿಲ್ಲ. ಬೋರ್‌ನಲ್ಲಿ 100 ಅಡಿಗೆ ನೀರಿದೆ. ಈಗಿರುವ ಪಂಪ್ 200 ಲೀಟರ್ ಡ್ರಮ್ಮನ್ನು 4 ನಿಮಿಷಕ್ಕೆ ತುಂಬಿಸುತ್ತದೆ. ಒಬ್ಬರು 5 ಹೆಚ್‌ಪಿ ಹಾಕಿಸಿ, ನೀರು ಜಾಸ್ತಿ ಬರುತ್ತದೆ ಅನ್ನುತ್ತಾರೆ, ಇನ್ನೊಬ್ಬರು 2 ಸಾಕು ಅನ್ನುತ್ತಾರೆ. ಬ್ಯಾಟರಿಯೂ ಬೇಕಾ? ಒಂದು ಸಲ ಹಾಕಿಸಿದ ಮೇಲೆ ಬದಲಾಯಿಸುವುದು ಕಷ್ಟ, ಅದಕ್ಕೇ ಕೇಳುತ್ತಿದ್ದೇನೆ.

ಮೋಟಾರ್ ಕೆಲಸ:
ಪ್ಯಾನೆಲ್ ವಿಷಯ ಆಮೇಲೆ ನೋಡೋಣ ಸರ್. 100 ಅಡಿ ಅಂದದ್ದು ಪಂಪ್ ನಿಂತಿದ್ದಾಗ ಅಳೆದದ್ದಾ, ಓಡುತ್ತಿದ್ದಾಗಲಾ? ಎರಡು ಮೂರು ಗಂಟೆ ನೀರೆತ್ತಿದ ಮೇಲೆ ಮಟ್ಟ ಎಲ್ಲಿಗೆ ಇಳಿಯುತ್ತದೆ ಅನ್ನುವುದರ ಮೇಲೇ ಎಲ್ಲ ನಿಂತಿದೆ. ದಾರಕ್ಕೆ ಒಂದು ನಟ್ಟು ಕಟ್ಟಿ, ಪಂಪ್‌ನ ಕೇಬಲ್‌ಗೆ ಸಿಕ್ಕಿಕೊಳ್ಳದ ಹಾಗೆ ನಿಧಾನಕ್ಕೆ ಕೇಸಿಂಗ್ (ಬೋರ್‌ನ ಹೊರ ಪೈಪ್) ಒಳಗೆ ಬಿಟ್ಟು ನೋಡಿ.

ಒಣಭೂಮಿ:
ಅಳೆದೆ. ದಾರ ಮೇಲೆಳೆದು, ನೀರಿನಲ್ಲಿ ಮುಳುಗಿದ್ದಷ್ಟನ್ನು ಕಳೆದು ಲೆಕ್ಕ ಹಾಕಿದೆ. 3 ಗಂಟೆ ಆದಮೇಲೆ 130 ಅಡಿ, ಮತ್ತೆ ಇಳಿಯಲಿಲ್ಲ. ಡ್ರಮ್ಮು ಆಗಲೂ 4 ನಿಮಿಷಕ್ಕೇ ತುಂಬಿತು.

ಮೋಟಾರ್ ಕೆಲಸ:
ಒಳ್ಳೆಯದಾಯಿತು, ಈಗ ಲೆಕ್ಕಕ್ಕೆ ಒಂದು ನೆಲೆ ಸಿಕ್ಕಿತು. ನಿಮ್ಮ ಬೋರ್ ಗಂಟೆಗೆ 3,000 ಲೀಟರ್ ಕೊಡುತ್ತಿದೆ, ದಿನಕ್ಕೆ 6 ಗಂಟೆ ಎತ್ತಿದರೆ 18,000. ಬಿರುಬೇಸಿಗೆಯಲ್ಲಿ ತುಂಬಿ ಬೆಳೆದ ಬೆಳೆಗೆ ದಿನಕ್ಕೆ 6 ಮಿಲಿಮೀಟರ್ ನೀರು ಅಂತ ಇಟ್ಟುಕೊಂಡರೆ ಒಂದು ಎಕರೆಗೆ ಸುಮಾರು 24,000 ಲೀಟರ್ ಬೇಕು. ಅಂದರೆ ಮೊದಲು ಸಾಲದಿರುವುದು ನೀರು, ಕರೆಂಟಲ್ಲ. 5 ಹೆಚ್‌ಪಿ ಹಾಕಿದರೆ ಬೋರ್ ಒಳಗೆ ಹೊಸ ನೀರು ಹುಟ್ಟುವುದಿಲ್ಲ, ಇರುವುದು ಬೇಗ ಖಾಲಿಯಾಗಿ, ಪಂಪ್ ಒಣಗಿ ಓಡಿ ಸುಟ್ಟುಹೋಗಬಹುದು. ಬೇಸಿಗೆ ಬೆಳೆಯನ್ನು ಅರ್ಧ ಎಕರೆಗೆ ಇಳಿಸಿ, ಗಿಡದ ಬುಡಕ್ಕೆ ಒಣಹುಲ್ಲೋ ಸೊಪ್ಪೋ ಹೊದಿಸಿ. ಬೇಜಾರಾಗಬಹುದು, ಆದರೆ ಈಗಲೇ ಗೊತ್ತಾದರೆ ಒಳ್ಳೆಯದು ಅಲ್ವಾ.

ಇನ್ನು ಪ್ಯಾನೆಲ್. 130 ಅಡಿ ಅಂದರೆ 40 ಮೀಟರ್, ಟ್ಯಾಂಕಿನ ಎತ್ತರ, ಪೈಪಿನ ಉಜ್ಜಾಟ ಸೇರಿ 50 ಅಂತ ಹಿಡಿಯಿರಿ. ಸಾವಿರ ಲೀಟರನ್ನು ಒಂದು ಮೀಟರ್ ಎತ್ತಲು 2.7 ವ್ಯಾಟ್-ಅವರ್ ಬೇಕು, ಹಾಗಾಗಿ 18 × 50 × 2.7 = 2,430 ವ್ಯಾಟ್-ಅವರ್, ಅಂದರೆ ಹತ್ತಿರ ಹತ್ತಿರ 2.4 ಯೂನಿಟ್. ಪಂಪು, ಮೋಟಾರು ಸೇರಿ ಅರ್ಧಕ್ಕಿಂತ ಜಾಸ್ತಿ ತಿಂದುಹಾಕುವುದರಿಂದ 5.5 ಯೂನಿಟ್ ಕೊಡಬೇಕಾಗುತ್ತದೆ. ದಿನವಿಡೀ ಬೀಳುವ ಬಿಸಿಲು 5 ಗಂಟೆ ಪೂರ್ತಿ ಬಿಸಿಲಿಗೆ ಸಮ ಅಂತ ಹಿಡಿದರೆ 1,100 ವ್ಯಾಟ್. ಆದರೆ ಪ್ಯಾನೆಲ್‌ನ ಸೆಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಸುಮಾರು 0.4 ಶೇಕಡಾ ಕಡಿಮೆ ಕೊಡುತ್ತದೆ, ಜೊತೆಗೆ ಧೂಳು. 1,500 ವ್ಯಾಟ್ ಹಾಕಿಸಿ, 2 ಹೆಚ್‌ಪಿ ಧಾರಾಳವಾಗಿ ಸಾಕು.

ತೊಟ್ಟಿನೀರು:
ಬ್ಯಾಟರಿ ಬೇಡ, ಆ ದುಡ್ಡಿಗೆ ಟ್ಯಾಂಕ್ ಕಟ್ಟಿಸಿ. ಬೆಳಿಗ್ಗೆ ಎಳೆಬಿಸಿಲು ಇದ್ದಾಗ ಪಂಪ್ ನಿಧಾನಕ್ಕೆ ತಿರುಗುತ್ತದೆ, ವೇಗ ಅರ್ಧವಾದರೆ ಎತ್ತುವ ಎತ್ತರ ಕಾಲು ಭಾಗಕ್ಕೆ ಬಂದುಬಿಡುತ್ತದೆ. ಅದಕ್ಕೇ ಮೋಟಾರ್ ಓಡುತ್ತಿದ್ದರೂ ಪೈಪಲ್ಲಿ ನೀರಿರುವುದಿಲ್ಲ. ಟ್ಯಾಂಕ್ ಇದ್ದರೆ ಈ ಏರುಪೇರು ಗಿಡಕ್ಕೆ ತಟ್ಟುವುದಿಲ್ಲ, ಸಂಜೆ ತಂಪಿನಲ್ಲಿ ನೀರು ಬಿಡಬಹುದು. ಒಂದು ಎಚ್ಚರಿಕೆ. 3 ಮೀಟರ್ ಎತ್ತರದ ಟ್ಯಾಂಕ್ ಕೊಡುವುದು 0.3 ಬಾರ್ ಒತ್ತಡ ಅಷ್ಟೇ, ಮಾಮೂಲಿ ಡ್ರಿಪ್‌ಗೆ 1 ಬಾರ್ ಹತ್ತಿರ ಬೇಕು. ಫಿಲ್ಟರ್ ಬೇರೆ ಸ್ವಲ್ಪ ನುಂಗುತ್ತದೆ. ಕಡಿಮೆ ಒತ್ತಡದ ಡ್ರಿಪ್ಪರ್ ಅಂತಲೇ ಕೇಳಿ ತನ್ನಿ, ಲ್ಯಾಟರಲ್ (ಗಿಡದ ಸಾಲಿಗೆ ಹಾಕುವ ಡ್ರಿಪ್ ಪೈಪ್) ಉದ್ದ ಮಾಡಬೇಡಿ.

ನೀರು ಇಳಿದರೆ ತಾನೇ ನಿಲ್ಲುವ ಸೆನ್ಸರ್ ಇರುವ ಕಂಟ್ರೋಲರನ್ನೇ ತಗೊಳ್ಳಿ.

ಒಣಭೂಮಿ:
ಅರ್ಧ ಎಕರೆಗೇ ಇಳಿಸುತ್ತೇನೆ. ಟ್ಯಾಂಕನ್ನು ಪ್ಯಾನೆಲ್ ಪಕ್ಕದಲ್ಲೇ ಕಟ್ಟಿಸಬಹುದಾ?

ತೊಟ್ಟಿನೀರು:
ಕಟ್ಟಿಸಬಹುದು, ನೆರಳು ಮಾತ್ರ ಬೀಳಬಾರದು. ಒಂದಕ್ಕೊಂದು ವೈರ್ ಕೊಟ್ಟು ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಅಲ್ಲಿ ಒಂದು ಉದ್ದ ಗಳ ನೆಟ್ಟು, ಬೆಳಿಗ್ಗೆಯಿಂದ ಸಂಜೆವರೆಗೂ ನೆರಳು ಎಲ್ಲೆಲ್ಲಿ ಓಡಾಡುತ್ತದೆ ನೋಡಿ, ಆಮೇಲೆ ಪಾಯ ತೆಗೆಸಿ.