ಅಪ್‌ಡೇಟ್: ಅಪ್ಪನ ಸೊಂಟದ ಮಾಯದ ಗಾಯ ಸ್ಕ್ರಬ್ ಟೈಫಸ್ ಆಗಿತ್ತು

ಅಡಿಕೆ ತೋಟದಲ್ಲಿ ಏನೋ ಕಚ್ಚಿ ಅಪ್ಪನ ಗಾಯ ಮಾಯುತ್ತಿಲ್ಲ, ಜೊತೆಗೆ ಜ್ವರ, ತಲೆನೋವು ಅಂತ ಕೇಳಿದ್ದೆನಲ್ಲ, ಈಗ ಆರಾಮಾಗಿದ್ದಾರೆ.

"ಹಕ್ಕಳೆ ಕಪ್ಪಗಿದೆ, ನೋವಿಲ್ಲ, ಆದರೆ ಜ್ವರ ಇದೆ ಅಂದ್ರೆ ಸ್ಕ್ರಬ್ ಟೈಫಸ್ ಟೆಸ್ಟ್ ಮಾಡಿಸಿ" ಅಂದವರ ಮಾತೇ ಸರಿಯಾಯಿತು. ಇದು ನುಸಿಯ ಮರಿ ಕಚ್ಚಿ ಬರುವ ಜ್ವರವಂತೆ. ಗಾಯ ಇದ್ದದ್ದು ಲುಂಗಿ ಕಟ್ಟುವ ಜಾಗದಲ್ಲಿ. ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು, ಸಿಗರೇಟಿನಿಂದ ಸುಟ್ಟ ಹಾಗೆ. ಡಾಕ್ಟರು ನೋಡಿದವರೇ ತೊಡೆಸಂದು ಮುಟ್ಟಿದರು. ಅಲ್ಲಿ ಗಂಟು ಊದಿತ್ತು. ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಶುರು ಮಾಡಿದರು. ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತೆ ಅಂದಿದ್ದರು, ಹಾಗೇ ಆಯಿತು. ಆಮೇಲೆ ರಿಪೋರ್ಟೂ ಪಾಸಿಟಿವ್ ಬಂತು.

ಅರಿಶಿನ, ಅಲರ್ಜಿ ಮಾತ್ರೆ ಉಪಯೋಗಕ್ಕೆ ಬರಲಿಲ್ಲ. ಮೊದಲು ತಗೊಂಡಿದ್ದ ಅಮಾಕ್ಸಿಸಿಲಿನ್ ಈ ರೋಗಾಣುವಿಗೆ ನಾಟುವುದೇ ಇಲ್ಲವಂತೆ! ಮಂಗನ ಕಾಯಿಲೆ ಇರಬಹುದು ಅಂದಿದ್ದಿರಿ, ಅದನ್ನೂ ನೋಡಿದರು, ನೆಗೆಟಿವ್. ಅದು ಉಣುಗಿನಿಂದ ಬರುವುದು. ಸ್ಕ್ರಬ್ ಟೈಫಸ್ ಹರಡುವುದು ಪೊದೆ, ಹುಲ್ಲಿನಲ್ಲಿರುವ ನುಸಿಯ ಮರಿ. ಕಣ್ಣಿಗೆ ಕಾಣುವುದೇ ಕಷ್ಟ, ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗಲ್ಲ.

ಹಕ್ಕಳೆ ಉದುರಿದೆ, ಕಲೆ ಇನ್ನೂ ಇದೆ. ಅಪ್ಪ ಮಾತ್ರ ಈಗಲೂ "ಚಿಗಳಿ ಇರುವೆ ಕಚ್ಚಿದ್ದು" ಅಂತಲೇ ವಾದ ಮಾಡುತ್ತಾರೆ.