‘ಈವಿಲ್’ ಅಂದರೆ ಬರೀ ‘ದುಷ್ಟ’ನಾ? ಅನುವಾದಕರಿಗೊಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮೇಡಂ. ಇಂಗ್ಲಿಷಿನ ಒಂದು ತತ್ವಶಾಸ್ತ್ರದ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಈವಿಲ್’ ಅನ್ನುವ ಪದ ಹೆಜ್ಜೆಹೆಜ್ಜೆಗೂ ಬರುತ್ತದೆ. ನಿಘಂಟು ನೋಡಿ ಎಲ್ಲ ಕಡೆ ‘ದುಷ್ಟತನ’ ಅಂತ ಹಾಕಿದ್ದೆ. ಆದರೆ ಒಂದು ಕಡೆ ಭೂಕಂಪವನ್ನೂ ‘ನ್ಯಾಚುರಲ್ ಈವಿಲ್’ ಅಂದಿದ್ದಾರೆ. ‘ನೈಸರ್ಗಿಕ ದುಷ್ಟತನ’ ಅಂತ ಬರೆದರೆ ಯಾಕೋ ಸರಿ ಕಾಣುತ್ತಿಲ್ಲ. ಏನು ಮಾಡಲಿ? ‘ಬ್ಯಾಡ್’ಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ನಿಮಗೆ ಅನ್ನಿಸಿದ್ದೇ ಸರಿ. ದುಷ್ಟತನಕ್ಕೆ ಒಂದು ಮನಸ್ಸು ಬೇಕು, ನಡುಗುವ ಭೂಮಿಗೆ ಅದೆಲ್ಲಿದೆ? ನಾನೂ ಈ ಕೆಲಸಕ್ಕೆ ಬಂದ ಹೊಸದರಲ್ಲಿ ‘ಸೋಷಿಯಲ್ ಈವಿಲ್’ ಅನ್ನೋದನ್ನು ‘ಸಾಮಾಜಿಕ ದುಷ್ಟತನ’ ಅಂತ ಬರೆದಿದ್ದೆ. ತಿದ್ದಿದ ಹಿರಿಯರು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಪಿಡುಗು’ ಅಂತ ಬರೆದು ಕಳಿಸಿದರು.

ಹಳೆಯ ಇಂಗ್ಲಿಷಿನಲ್ಲಿ ‘ಈವಿಲ್’ ಇಷ್ಟು ಭಾರದ ಪದ ಆಗಿರಲಿಲ್ಲ. ಕಾಯಿಲೆ, ನಷ್ಟ, ನೋವು, ಏನೇ ಕೆಟ್ಟದ್ದಾದರೂ ಅದೇ ಪದ. ಕತ್ತಿನಲ್ಲಿ ಗಂಟು ಕಟ್ಟುವ ಒಂದು ಕಾಯಿಲೆಗೆ ‘ಕಿಂಗ್ಸ್ ಈವಿಲ್’ ಅಂತಲೇ ಹೆಸರಿತ್ತು. ರಾಜ ಮುಟ್ಟಿದರೆ ವಾಸಿಯಾಗುತ್ತದೆ ಅಂತ ಜನ ನಂಬಿದ್ದರು. ಇದರ ಬಂಧು ಜರ್ಮನ್ನಿನ ‘ಯೂಬೆಲ್’. ಅಲ್ಲಿ ಇವತ್ತಿಗೂ ವಾಕರಿಕೆ ಬಂದರೆ ಆ ಪದ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ದಿನನಿತ್ಯದ ಬಳಕೆಯನ್ನೆಲ್ಲ ‘ಬ್ಯಾಡ್’ ಎತ್ತಿಕೊಂಡಿತು. ಘೋರವಾದದ್ದು, ನೀತಿಗೆಟ್ಟದ್ದು ‘ಈವಿಲ್’ ಪಾಲಿಗೆ ಉಳಿಯಿತು.

ತತ್ವಶಾಸ್ತ್ರದವರು ಮಾತ್ರ ಹಳೆಯ ಅಗಲವಾದ ಅರ್ಥವನ್ನು ಬಿಡಲಿಲ್ಲ. 1710ರಲ್ಲಿ ಜರ್ಮನ್ ತತ್ವಜ್ಞಾನಿ ಲೈಬ್ನಿಜ್ ಈವಿಲ್ ಅನ್ನು ಮೂರು ಬಗೆ ಮಾಡಿದ. ಮನುಷ್ಯ ಮಾಡುವ ಪಾಪ ಒಂದು, ಅನುಭವಿಸುವ ನೋವು ಇನ್ನೊಂದು, ಸೃಷ್ಟಿಯಾದ ಎಲ್ಲದರಲ್ಲೂ ಇರುವ ಕೊರತೆ ಮತ್ತೊಂದು. 1755ರಲ್ಲಿ ಲಿಸ್ಬನ್ ಭೂಕಂಪ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ, ದೇವರು ಒಳ್ಳೆಯವನಾದರೆ ಇದ್ಯಾಕೆ ಅಂತ ಯೂರೋಪೆಲ್ಲ ಕೇಳಿತು. ನಿಮ್ಮ ಲೇಖನದ ‘ನ್ಯಾಚುರಲ್ ಈವಿಲ್’ ಆ ಚರ್ಚೆಯದೇ ಪದ.

ಈ ಅಗಲ ಕನ್ನಡದ ‘ಕೇಡು’, ‘ಕೆಡುಕು’ಗಳಲ್ಲಿ ಇದೆ. ಎರಡೂ ‘ಕೆಡು’ ಧಾತುವಿನಿಂದ ಬಂದವು. ಹಾಲು ಕೆಡುತ್ತದೆ, ಆರೋಗ್ಯ ಕೆಡುತ್ತದೆ, ಕಾಲ ಕೆಡುತ್ತದೆ, ಮನುಷ್ಯನೂ ಕೆಡುತ್ತಾನೆ. ‘ಕೆಟ್ಟು ಪಟ್ಟಣ ಸೇರು’ ಅನ್ನೋ ಗಾದೆಯಲ್ಲಿ ಕೆಟ್ಟವನು ದುಷ್ಟನಲ್ಲ, ಬದುಕಿನಲ್ಲಿ ಸೋತವನು ಅಷ್ಟೇ. ಸಂಸ್ಕೃತದ ‘ದುಷ್ಟ’ಕ್ಕೂ ಮೂಲದಲ್ಲಿ ‘ಕೆಟ್ಟುಹೋದ’ ಅಂತಲೇ ಅರ್ಥ. ‘ದೋಷ’, ‘ದೂಷಿತ’ ಅದರ ಒಡಹುಟ್ಟುಗಳು. ಆದರೆ ಕನ್ನಡಕ್ಕೆ ಬಂದ ‘ದುಷ್ಟ’ ಮನುಷ್ಯರಿಗೂ ಅವರ ಬುದ್ಧಿಗೂ ಅಂಟಿಕೊಂಡಿತು.

ನನಗೆ ‘ಕೆಡುಕು’ ಜಾಸ್ತಿ ಇಷ್ಟ ಆಗೋದಕ್ಕೆ ಇನ್ನೊಂದು ಕಾರಣ ಇದೆ. ಹಾಲಿದ್ದರೆ ತಾನೇ ಅದು ಕೆಡೋದು? ಮೊದಲು ಒಳ್ಳೆಯದೊಂದು ಇರಲೇಬೇಕು. ಕ್ರಿ.ಶ. 430ರಲ್ಲಿ ತೀರಿಕೊಂಡ ಕ್ರೈಸ್ತ ತತ್ವಜ್ಞಾನಿ ಅಗಸ್ಟೀನ್ ವಾದವೂ ಇದೇ. ಕೆಡುಕು ತಾನಾಗಿ ಒಂದು ವಸ್ತುವಲ್ಲ, ಒಳ್ಳೆಯದರ ಕೊರತೆ. ಗಾಯ ಮಾಯ್ದಾಗ ಅದು ಬೇರೆ ಕಡೆ ಹೋಗಿ ಕೂರುವುದಿಲ್ಲ, ಇಲ್ಲವಾಗುತ್ತದೆ ಅನ್ನುತ್ತಾನೆ ಅವನು. ಲ್ಯಾಟಿನ್ನಿನಲ್ಲಿ ಅವನು ವಾದ ಮಾಡಿ ತೋರಿಸಬೇಕಾದ್ದು ನಮ್ಮ ಕ್ರಿಯಾಪದದಲ್ಲೇ ಇದೆ, ಅಲ್ವಾ?

ಪ್ರಶ್ನೆ: ಹಾಗಾದರೆ ‘ದುಷ್ಟ’ವನ್ನು ಪೂರ್ತಿ ಬಿಟ್ಟುಬಿಡಲಾ? ಲೇಖನದಲ್ಲಿ ರಾಜಕೀಯ ಚಿಂತಕಿ ಹನ್ನಾ ಅರೆಂಟ್ ಮಾತೂ ಬರುತ್ತದೆ.

ಉತ್ತರ: ಬಿಡಬೇಡಿ. ಬೇಕಂತಲೇ ಇನ್ನೊಬ್ಬರನ್ನು ಹಿಂಸಿಸಿ ಖುಷಿಪಡುವವನಿಗೆ ಅದೇ ಪದ ಸರಿ. ಆದರೆ ಅರೆಂಟ್ ಬಂದ ಕಡೆ ಹುಷಾರು. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ 1961ರಲ್ಲಿ ಜೆರುಸಲೇಮಿನಲ್ಲಿ ನಡೆಯಿತು. ಅರೆಂಟ್ ಅದನ್ನು ಕಣ್ಣಾರೆ ನೋಡಿದರು. ಅವನು ರಾಕ್ಷಸನಂತೆ ಕಾಣಲಿಲ್ಲ, ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಲಾರದ ಸಾಮಾನ್ಯ ಮನುಷ್ಯನಂತೆ ಕಂಡ ಅಂತ 1963ರಲ್ಲಿ ಬರೆದರು. ಇದನ್ನು ಒಪ್ಪದವರೂ ಬಹಳ ಜನ ಇದ್ದಾರೆ. ಆದರೆ ಅರೆಂಟ್ ವಾದವನ್ನು ಕನ್ನಡಕ್ಕೆ ತರುವಾಗ ‘ದುಷ್ಟತನ’ ಅಂತ ಹಾಕಿದರೆ, ಅವರು ಇಲ್ಲ ಅಂದದ್ದನ್ನೇ ನಾವು ಇದೆ ಅಂದಂತಾಗುತ್ತದೆ. ಅಲ್ಲಿಗೆ ‘ಕೆಡುಕು’ ಇರಲಿ.

ಇನ್ನೊಬ್ಬ ಸದಸ್ಯರು: ‘ಡೆವಿಲ್’ ಒಳಗೆ ‘ಈವಿಲ್’ ಇದೆಯಲ್ಲ, ಎರಡೂ ಒಂದೇ ಮೂಲದವಾ?

ಉತ್ತರ: ಇಲ್ಲ, ಸುಮ್ನೆ ಸದ್ದು ಹೊಂದಿಕೊಂಡಿದೆ ಅಷ್ಟೇ. ‘ಡೆವಿಲ್’ ಗ್ರೀಕಿನ ‘ದಿಯಾಬೊಲೊಸ್’ನಿಂದ ಬಂದದ್ದು. ಅದಕ್ಕೆ ಚಾಡಿ ಹೇಳುವವನು, ಇಲ್ಲದ ಆರೋಪ ಹೊರಿಸುವವನು ಅಂತ ಅರ್ಥ.

ಪ್ರಶ್ನೆ: ಭೂಕಂಪದ ಕಡೆ ‘ಪ್ರಕೃತಿಯಿಂದ ಬರುವ ಕೇಡು’ ಅಂತ ತಿದ್ದಿದೆ ಮೇಡಂ. ‘ನೆಸೆಸರಿ ಈವಿಲ್’ ಒಂದು ಉಳಿದಿದೆ.

ಉತ್ತರ: ಅಲ್ಲಿ ‘ಕೇಡು’ ಕೂಡ ಬೇಡ. ‘ಬೇಡವಾದರೂ ಬಿಡಲಾಗದ್ದು’ ಅಂದರೆ ಸಾಕು. ಇನ್ನು ‘ಈವಿಲ್’ ಪಕ್ಕದಲ್ಲೇ ‘ಸಫರಿಂಗ್’ ಬಂದ ವಾಕ್ಯಗಳನ್ನು ಇನ್ನೊಮ್ಮೆ ಓದಿ. ಒಂದಕ್ಕೆ ‘ಕೇಡು’, ಇನ್ನೊಂದಕ್ಕೆ ‘ನೋವು’ ಅಂತ ಬೇರೆ ಬೇರೆ ಇಟ್ಟುಕೊಳ್ಳಿ, ಕೊನೆಯವರೆಗೂ ಅದಲುಬದಲು ಮಾಡಬೇಡಿ.