ಅನ್ನನಾಳದ ಸೆಲ್ ಕಲ್ಚರ್: ಪ್ರಶ್ನೋತ್ತರ

ಅಡ್ಮಿನ್: ಮನುಷ್ಯರ ಅನ್ನನಾಳದ ಒಳಪದರದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುವ ಬಗ್ಗೆ ಇವತ್ತು ಕೇಳಿ. ಬಹಳ ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ಮೇಡಂ ಉತ್ತರ ಕೊಡುತ್ತಾರೆ.

ಎಂ.ಎಸ್ಸಿ. ವಿದ್ಯಾರ್ಥಿ: ಮೇಡಂ, ನನ್ನ ಸೆಲ್ ತುಂಬಾ ನಿಧಾನ. 10% ಸೀರಮ್ ಹಾಕಬಹುದಾ?

ಮೇಡಂ: ಬೇಡಪ್ಪಾ. ಸೀರಮ್ ಅಂದರೆ ರಕ್ತದ ತಿಳಿ ದ್ರವ, ಅದರ ಜೊತೆ ಕ್ಯಾಲ್ಸಿಯಂ ಬರುತ್ತದೆ. ಈ ಸೆಲ್‌ಗಳ ಮೀಡಿಯಾದಲ್ಲಿ, ಅಂದರೆ ಬೆಳೆಸುವ ಪೋಷಕ ದ್ರವದಲ್ಲಿ, ಕ್ಯಾಲ್ಸಿಯಂ 0.1 ಮಿಲಿಮೋಲಾರ್‌ಗಿಂತ ಕಡಿಮೆ ಇಡುತ್ತೇವೆ. ಜಾಸ್ತಿಯಾದರೆ ಒಂದಕ್ಕೊಂದು ಅಂಟಿಕೊಂಡು, ಚಪ್ಪಟೆಯಾಗಿ, ಬೆಳೆಯುವುದನ್ನೇ ನಿಲ್ಲಿಸುತ್ತವೆ. ಸೆಲ್ ಬಿಡಿಸಲು ಹಾಕುವ ಟ್ರಿಪ್ಸಿನ್ ಕಿಣ್ವವನ್ನು ತಡೆಯಲೂ ಸೀರಮ್ ಬೇಡ, ಸೋಯಾ ಇನ್ಹಿಬಿಟರ್ ಬಳಸು.

ಲ್ಯಾಬ್ ಟೆಕ್ನಿಷಿಯನ್: ಗಾಳಿಗೆ ತೆರೆದು ಪದರ ಬೆಳೆಸಲು ಯಾವ ಇನ್ಸರ್ಟ್ (ಸಣ್ಣ ತೂತುಗಳ ಪೊರೆಯ ಬಟ್ಟಲು) ಒಳ್ಳೆಯದು ಮೇಡಂ? 0.4 ಮೈಕ್ರಾನ್ ಸಾಕಾ?

ಅನಾಮಿಕ ಸದಸ್ಯೆ: ನಮಸ್ತೆ ಮೇಡಂ. ದಾನಿಯ ಅಂಗಾಂಶದಿಂದ ತೆಗೆದ ಪ್ರೈಮರಿ ಸೆಲ್. ಮೊದಲು ಕಲ್ಲು ಹಾಸಿದ ಹಾಗೆ ಒತ್ತೊತ್ತಾಗಿದ್ದವು. 5ನೇ ಪ್ಯಾಸೇಜಿಗೆ, ಅಂದರೆ 5ನೇ ಸಲ ಹೊಸ ಫ್ಲಾಸ್ಕಿಗೆ ಬದಲಿಸಿದ ಮೇಲೆ, ದೊಡ್ಡದಾಗಿ ನಿಂತೇಬಿಟ್ಟವು. ಎರಡು ವಾರ ಸುಮ್ನೆ ಬಿಟ್ಟೆ. ಫ್ಲಾಸ್ಕಿನ ಒಂದು ಮೂಲೆಯಲ್ಲಿ ಚಿಕ್ಕ ಗುಂಪು ಶುರುವಾಯಿತು. ಈಗ 14ನೇ ಪ್ಯಾಸೇಜ್, ದಿನಕ್ಕೆ ದುಪ್ಪಟ್ಟಾಗುತ್ತಿವೆ. ತಾನಾಗೇ ಅಮರವಾದ (ನಿಲ್ಲದೆ ಬೆಳೆಯುವ) ಹೊಸ ಸೆಲ್‌ಲೈನ್ ಅಂತ ಪೇಪರ್ ಬರೆಯೋಣ ಅನ್ನುತ್ತಾರೆ ಗೈಡ್. ನನಗೆ ಯಾಕೋ ಭಯ.

ಮೇಡಂ: ಭಯಪಡುವ ವಿಷಯವೇ ಅಮ್ಮಾ. ಇವತ್ತೇ ಪ್ರಯೋಗ ನಿಲ್ಲಿಸಿ. ಮನುಷ್ಯರ ಮಾಮೂಲು ಸೆಲ್ ತಾನಾಗೇ ಅಮರವಾಗುವುದು ತೀರಾ ಅಪರೂಪ. ಮೂಲೆಯಲ್ಲಿದ್ದ ಗುಂಪು ಫ್ಲಾಸ್ಕನ್ನೆಲ್ಲ ತುಂಬಿಕೊಂಡಿತು ಅಂದರೆ, ಹೊರಗಿನ ಸೆಲ್ ಸೇರಿದೆ ಎಂದೇ ನನ್ನ ಮೊದಲ ಅನುಮಾನ. ಅದೇ ಹುಡ್‌ನಲ್ಲಿ ಹೀಲಾ (ಗರ್ಭಕಂಠದ ಕ್ಯಾನ್ಸರಿನಿಂದ ಬಂದ, ವೇಗವಾಗಿ ಬೆಳೆಯುವ ಸೆಲ್) ಬೆಳೆಸುತ್ತೀರಾ? ಮೀಡಿಯಾ ಬಾಟಲಿ ಒಂದೇನಾ? ಪಿಪೆಟ್ ತುದಿಯ ಒಂದು ಹನಿ ಸಾಕು.

ನಮ್ಮ ಕ್ಷೇತ್ರ ಇದರಲ್ಲಿ ಕೈ ಸುಟ್ಟುಕೊಂಡಿದೆ. ಅನ್ನನಾಳದ ಕ್ಯಾನ್ಸರ್ ಅಂತ ಬಳಸುತ್ತಿದ್ದ ಇಸಿಎ-109 ನಿಜವಾಗಿ ಹೀಲಾ. ಎಸ್‌ಇಜಿ-1 ಶ್ವಾಸಕೋಶದ್ದು, ಬಿಐಸಿ-1 ದೊಡ್ಡ ಕರುಳಿನದು ಅಂತ 2010ರಲ್ಲಿ ಹೊರಬಿತ್ತು. ಅಷ್ಟು ಹೊತ್ತಿಗೆ ಅಂಥ ತಪ್ಪು ಸೆಲ್‌ಗಳ ಮೇಲೆ 100ಕ್ಕೂ ಹೆಚ್ಚು ಪೇಪರ್ ಬಂದಾಗಿತ್ತು. ಅವುಗಳನ್ನು ನಂಬಿ ರೋಗಿಗಳ ಮೇಲೆ ಔಷಧ ಪರೀಕ್ಷೆಗೂ ಇಳಿದಿದ್ದರು.

ಎಸ್‌ಟಿಆರ್ ಪರೀಕ್ಷೆ ಮಾಡಿಸಿ, ಸೆಲ್ ಯಾರದು ಅಂತ ಡಿಎನ್‌ಎ ನೋಡಿ ಅದು ಹೇಳುತ್ತದೆ. ಈಗಿನ ಸೆಲ್, ಮೊದಮೊದಲು ಫ್ರೀಜ್ ಮಾಡಿದ ವಯಲ್, ಉಳಿದಿದ್ದರೆ ದಾನಿಯ ಅಂಗಾಂಶ. ಮೂರೂ ಒಬ್ಬರದೇ ಆಗಿರಬೇಕು. ಕೆರಾಟಿನ್ ಬಣ್ಣ ಹಿಡಿಯಿತು ಅಂತ ಸಮಾಧಾನಪಡಬೇಡಿ. ಒಳಪದರದ ಜಾತಿಯ ಸೆಲ್ ಅಂತ ಅದು ಹೇಳುತ್ತದೆ, ಯಾರ ಸೆಲ್ ಅಂತ ಹೇಳುವುದಿಲ್ಲ. ಗೈಡ್‌ಗೆ ಈ ಮೆಸೇಜ್ ತೋರಿಸಿ.

ಹಿರಿಯ ಸದಸ್ಯ: ಅದಕ್ಕೇ ನಾವು ಹೆಟ್-1ಎ ಅನ್ನುವ ಅನ್ನನಾಳದ ಸೆಲ್‌ಲೈನ್ ಬಳಸುತ್ತೇವೆ. ನಾರ್ಮಲ್ ಸೆಲ್, ತಲೆನೋವಿಲ್ಲ.

ಪಿಎಚ್‌ಡಿ ಸದಸ್ಯ: ನಾರ್ಮಲ್ ಹೇಗಾಗುತ್ತದೆ ಸರ್? ಎಸ್‌ವಿ40 ವೈರಸ್ಸಿನ ಟಿ ಆಂಟಿಜೆನ್ ಪ್ರೋಟೀನ್ ಹಾಕಿ ಅಮರ ಮಾಡಿದ್ದು. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನಿನ ಕೆಲಸವನ್ನೇ ಅದು ತಡೆಯುತ್ತದೆ.

ಹಿರಿಯ ಸದಸ್ಯ: ಅದರ ಮೇಲೆ ನನ್ನ ಪೇಪರ್‌ಗಳಿವೆ. ಓದಿ ಮಾತಾಡಿ.

ಪಿಎಚ್‌ಡಿ ಸದಸ್ಯ: ಓದಿದ್ದೇನೆ. ಕಂಟ್ರೋಲ್ ಸರಿಯಿಲ್ಲ.

ಹಿರಿಯ ಸದಸ್ಯ: ದೊಡ್ಡವರ ಹತ್ತಿರ ಮಾತಾಡುವ ರೀತಿನಾ ಇದು?

ಇನ್ನೊಬ್ಬ ಸದಸ್ಯೆ: 5% ಸೀರಮ್ ಪರವಾಗಿಲ್ವಾ ಮೇಡಂ?

ಮೇಡಂ: ಬೇಡ. ಮೇಲೆ ಓದಿ.

ಸದಸ್ಯ: ಫಾರ್ವರ್ಡ್ ಬಂದಿದೆ: "ಪೆನಿಸಿಲಿನ್ ಎರಡು ಪಟ್ಟು ಹಾಕಿ, ಮೈಕೋಪ್ಲಾಸ್ಮಾ ಮಾಯ!"

ಮೇಡಂ: ದಯವಿಟ್ಟು ಅಳಿಸಿ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಕೋಶಗೋಡೆಯ ಮೇಲೆ. ಮೈಕೋಪ್ಲಾಸ್ಮಾ ಕಲ್ಚರಿಗೆ ಸೇರಿಕೊಳ್ಳುವ ಪುಟ್ಟ ಬ್ಯಾಕ್ಟೀರಿಯಾ, ಅದಕ್ಕೆ ಆ ಗೋಡೆಯೇ ಇಲ್ಲ. ಅದು ಸೇರಿದರೂ ಮೀಡಿಯಾ ತಿಳಿಯಾಗೇ ಇರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಪಿಸಿಆರ್ ಮಾಡಿ. ಪಾಸಿಟಿವ್ ಬಂದರೆ ಫ್ಲಾಸ್ಕ್ ಎಸೆಯಿರಿ.

ಸದಸ್ಯ: ಸೋಡಾ ನೀರು ಡಿಶ್‌ನಲ್ಲಿ ಕ್ಯಾನ್ಸರ್ ಸೆಲ್ ಕೊಲ್ಲುತ್ತದೆ ಅಂತಲೂ ಇದೆ. ನಮ್ಮ ಅತ್ತೆಗೆ ಅನ್ನನಾಳದ ಕ್ಯಾನ್ಸರ್. ಕೊಡಲಾ?

ಮೇಡಂ: ಕೊಡಬೇಡಿ. ಡಿಶ್‌ನಲ್ಲಿರುವ ಸೆಲ್ ಬರೀ ನಲ್ಲಿ ನೀರು ಹಾಕಿದರೂ ಉಬ್ಬಿ ಒಡೆದು ಸಾಯುತ್ತದೆ. ಅದು ಔಷಧವಾಯಿತಾ? ಅವರನ್ನು ನೋಡುತ್ತಿರುವ ಡಾಕ್ಟರನ್ನೇ ಕೇಳಿ. ಇಂಥ ಫಾರ್ವರ್ಡ್ ನಂಬಿ ಚಿಕಿತ್ಸೆ ತಡವಾದರೆ ಅತ್ತೆಗೇ ಕಷ್ಟ.

ಹಿರಿಯ ಸದಸ್ಯ: ಮೇಡಂ, ಹೆಟ್-1ಎ ಬಗ್ಗೆ ನೀವೇ ಹೇಳಿ.

ಮೇಡಂ: ಅದು ಸರಿಯಾಗಿ ಪದರ ಕಟ್ಟುವುದಿಲ್ಲ. ಪದರ ಬೇಕಿದ್ದರೆ ಟೆಲೊಮರೇಸ್ ಕಿಣ್ವ ಹಾಕಿ ಅಮರ ಮಾಡಿದ ಇಪಿಸಿ2 ಸೆಲ್‌ಲೈನ್ ನೋಡಿ. ಜಗಳ ಇಲ್ಲಿ ಬೇಡ, ಇಬ್ಬರಿಗೂ ಹೇಳುತ್ತಿದ್ದೇನೆ.

ಎಂ.ಎಸ್ಸಿ. ವಿದ್ಯಾರ್ಥಿ: 2% ಸೀರಮ್?

ಮೇಡಂ: ಇಲ್ಲ.

ಅನಾಮಿಕ ಸದಸ್ಯೆ: ಮೇಡಂ, ನೈಟ್ರೋಜನ್ ಟ್ಯಾಂಕಲ್ಲಿ 2ನೇ ಪ್ಯಾಸೇಜಿನ ಒಂದೇ ವಯಲ್ ಸಿಕ್ಕಿತು. ಬರಹ ಅರ್ಧ ಅಳಿಸಿದೆ, ತಾರೀಖು ಓದಬಹುದು. ಹೀಲಾ ನಮ್ಮ ಹುಡ್‌ನಲ್ಲೇ ಬೆಳೆಸುತ್ತಾರೆ.

ಮೇಡಂ: ವಯಲ್ ಕರಗಿಸಿದ ಕೂಡಲೇ ಸ್ವಲ್ಪ ಸೆಲ್ ಡಿಎನ್‌ಎಗೆ ತೆಗೆದಿಡಿ, ಆಮೇಲೆ ಉಳಿದದ್ದನ್ನು ಬೆಳೆಸಿ. ಹೊಸ ಮೀಡಿಯಾ ಬಾಟಲಿ ತೆರೆಯಿರಿ. ಈಗಿನ ಫ್ಲಾಸ್ಕ್ ಆ ದಿನ ಇನ್‌ಕ್ಯುಬೇಟರ್‌ನಿಂದ ಹೊರಗೆ ಬರಕೂಡದು. ರಿಪೋರ್ಟ್ ಬಂದ ತಕ್ಷಣ ನನಗೆ ಬರೆಯಿರಿ, ರಾತ್ರಿಯಾದರೂ ಸರಿ.

ಲ್ಯಾಬ್ ಟೆಕ್ನಿಷಿಯನ್: ಇನ್ಸರ್ಟ್ ಬಗ್ಗೆ ಬೆಳಿಗ್ಗೆಯಿಂದ ಕೇಳುತ್ತಿದ್ದೇನೆ. 0.4 ಮೈಕ್ರಾನ್ ಸಾಕಾ?